ಗೇರ್‌ಬಾಕ್ಸ್ ಕೆಟ್ಟರೆ ಬಿಚ್ಚಿ ಸರಿ ಮಾಡಿಸೋದೋ, ಬದಲಾಯಿಸೋದೋ?



ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ ಸಾಲ ಕೇಳಿದಾಗ ಏನೇನು ವಿಚಾರಿಸಬೇಕು ಎನ್ನುವುದು ನಮ್ಮ ಸಂಘಗಳಿಗೆ ಚೆನ್ನಾಗಿ ಗೊತ್ತು. ಹಸುವಾದರೆ ಹಲ್ಲು ನೋಡ್ತೀವಿ, ಕೆಚ್ಚಲು ನೋಡ್ತೀವಿ, ಎಷ್ಟನೇ ಸೂಲು ಅಂತ ಕೇಳ್ತೀವಿ. ಆದರೆ ಗಾಡಿ ರಿಪೇರಿಗೆ ಸಾಲ ಕೇಳಿದ ಕೂಡಲೇ ಸಭೆ ಸುಮ್ಮನಾಗುತ್ತದೆ. "ಅದು ಗಂಡಸರ ವಿಷಯ ಅಕ್ಕ, ಮೆಕ್ಯಾನಿಕ್ ಹೇಳಿದ ಮೇಲೆ ಇನ್ನೇನು ಕೇಳೋದು?" ಅಂತ ಯಾರೋ ಒಬ್ಬರು ಹೇಳಿ ಠರಾವು ಬರೆದುಬಿಡುತ್ತಾರೆ.

2005ರಲ್ಲಿ ಟಾಟಾ ಏಸ್ ರಸ್ತೆಗೆ ಬಂದ ಮೇಲೆ ಇಂಥ ಸಣ್ಣ ಗೂಡ್ಸ್ ಗಾಡಿಗಳು ಹಳ್ಳಿ ಹಳ್ಳಿಗೂ ಬಂದಿವೆ. ತರಕಾರಿ, ಹಾಲಿನ ಕ್ಯಾನು, ಶಾಮಿಯಾನ, ಗೊಬ್ಬರ ಎಲ್ಲವೂ ಅದರಲ್ಲೇ. ಎಷ್ಟೋ ಸದಸ್ಯೆಯರ ಮನೆಯ ಒಲೆ ಆ ಗಾಡಿಯಿಂದಲೇ ಉರಿಯುತ್ತದೆ. ಹಾಗಿರುವಾಗ ಅದರ ರಿಪೇರಿಯ ವಿಷಯ ನಮಗೆ ಬೇಡ ಅನ್ನುವುದು ಸರಿಯಲ್ಲ. ಸಾಲ ನಮ್ಮ ಹೆಸರಿಗೆ, ಜಾಮೀನು ನಮ್ಮ ಗೆಳತಿಯರದ್ದು, ಗ್ಯಾರೇಜಿನ ಮಾತು ಮಾತ್ರ ಮನೆಯವರ ಹತ್ತಿರ!

ಒಂದು ಸಂಘದಲ್ಲಿ ನಡೆದದ್ದು

ನಾನು ಭೇಟಿ ಕೊಡುವ ಒಂದು ಸಂಘದಲ್ಲಿ ಒಬ್ಬ ಸದಸ್ಯೆ 40,000 ರೂಪಾಯಿ ಸಾಲ ಕೇಳಿದರು. ಅವರ ಮನೆಯವರು ಗೂಡ್ಸ್ ಗಾಡಿ ಇಟ್ಟುಕೊಂಡು ಘಟ್ಟದ ಮೇಲಿಂದ ಕೆಳಗೆ ತರಕಾರಿ ಸಾಗಿಸುತ್ತಾರೆ. ಗ್ಯಾರೇಜಿನವರು ಗಾಡಿಯನ್ನು ಐದು ನಿಮಿಷ ಓಡಿಸಿ, "ಗೇರ್‌ಬಾಕ್ಸೇ ಹೋಗಿದೆ, ಬದಲಾಯಿಸಬೇಕು, 42,000 ಆಗುತ್ತೆ" ಅಂದಿದ್ದರು. ಸಂಘದ ಬಡ್ಡಿ ನೂರಕ್ಕೆ ತಿಂಗಳಿಗೆ ಒಂದೂವರೆ. ಮೊದಲ ತಿಂಗಳೇ ಬಡ್ಡಿ 600, ಅದರ ಮೇಲೆ ಕಂತು. ಗಾಡಿ ಬೇರೆ ನಿಂತಿದೆ. ಆ ಸದಸ್ಯೆ ಅಳುವುದೊಂದು ಬಾಕಿ.

ಆಗ ಸಂಘದ ಪ್ರತಿನಿಧಿ ಒಂದೇ ಒಂದು ಪ್ರಶ್ನೆ ಕೇಳಿದರು. "ಗೇರ್‌ಬಾಕ್ಸ್ ಹೋಗಿದೆ ಅಂದ್ರೆ ಏನು ಹೋಗಿದೆ? ಬಿಚ್ಚಿ ನೋಡಿದ್ರಾ?" ಬಿಚ್ಚಿರಲಿಲ್ಲ. ಸಾಲವನ್ನು ಎರಡು ದಿನ ತಡೆದು, ಇನ್ನೊಬ್ಬ ಮೆಕ್ಯಾನಿಕ್ಕಿಗೆ ತೋರಿಸಲು ತೀರ್ಮಾನವಾಯಿತು. ಅದರಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ. ಮೊದಲು ಆ ಪೆಟ್ಟಿಗೆಯ ಒಳಗೆ ಏನಿದೆ ಎಂದು ತಿಳಿದುಕೊಳ್ಳೋಣ.

ಪೆಟ್ಟಿಗೆಯ ಒಳಗೆ

ಎಂಜಿನ್ನಿನ ಶಕ್ತಿ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ನಡುವೆ ಕ್ಲಚ್, ಆಮೇಲೆ ಗೇರ್‌ಬಾಕ್ಸ್. ಪೆಟ್ಟಿಗೆಯಲ್ಲಿ ಶಾಫ್ಟುಗಳು, ಅವುಗಳ ಮೇಲೆ ದೊಡ್ಡ ಚಿಕ್ಕ ಹಲ್ಲಿನ ಚಕ್ರಗಳು. ಶಾಫ್ಟಿನ ತುದಿಗಳನ್ನು ಬೇರಿಂಗ್‌ಗಳು ಹಿಡಿದಿರುತ್ತವೆ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡರ ವೇಗವನ್ನೂ ಸಮ ಮಾಡಲು ಬಳೆಯಂಥ ಉಂಗುರಗಳಿವೆ, ಹೆಚ್ಚಾಗಿ ಹಿತ್ತಾಳೆಯವು. ಇವಕ್ಕೆ ಸಿಂಕ್ರೋ ರಿಂಗ್ ಅನ್ನುತ್ತಾರೆ. ಎಣ್ಣೆ ಸೋರದ ಹಾಗೆ ರಬ್ಬರಿನ ಆಯಿಲ್ ಸೀಲ್. ಎಲ್ಲಕ್ಕೂ ಹೊರಗಡೆ ಲೋಹದ ಚಿಪ್ಪು.

ಇದರಲ್ಲಿ ಬೇರಿಂಗ್, ಸೀಲ್, ಸಿಂಕ್ರೋ ರಿಂಗ್ ಇವು ಸವೆಯುವುದಕ್ಕೆಂದೇ ಇರುವ ಸಾಮಾನು. ಬಿಡಿಯಾಗಿ ಸಿಗುತ್ತವೆ. ಹಲ್ಲಿನ ಚಕ್ರ, ಶಾಫ್ಟು, ಚಿಪ್ಪು ಇವು ದುಬಾರಿ, ಸರಿಯಾದ ಎಣ್ಣೆ ಇದ್ದರೆ ಬೇಗ ಕೆಡುವುದೂ ಇಲ್ಲ. ಆದ್ದರಿಂದ ಗೇರ್‌ಬಾಕ್ಸ್ ಹೋಗಿದೆ ಎಂದು ಯಾರಾದರೂ ಹೇಳಿದರೆ, ಹೋಗಿರುವುದು ಈ ಎರಡು ಗುಂಪಿನಲ್ಲಿ ಯಾವುದು ಎಂದು ಕೇಳಬೇಕು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗಾಡಿಯೇ ಕೆಲವು ಗುರುತು ಹೇಳುತ್ತದೆ. ಗಾಡಿ ನಿಂತಿದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದೆ, ಒಳಗಿನಿಂದ ಗೊರಗೊರ ಸದ್ದು ಬರುತ್ತದೆ, ಕ್ಲಚ್ ಒತ್ತಿದರೆ ಸದ್ದು ನಿಲ್ಲುತ್ತದೆ ಎಂದರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಅನುಮಾನ. ಅದೇ ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್, ಗೇರ್‌ಬಾಕ್ಸ್ ಅಲ್ಲ. ಒಂದೇ ಗೇರಿಗೆ ಹಾಕುವಾಗ ಕರಕರ ಎಂದರೆ ಆ ಗೇರಿನ ಸಿಂಕ್ರೋ ರಿಂಗ್. ಎಲ್ಲ ಗೇರಿಗೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಅಥವಾ ಕ್ಲಚ್ ಮೊದಲು ನೋಡಿಸಬೇಕು. ಏರಿನಲ್ಲಿ ಎಂಜಿನ್ ಅರಚುತ್ತದೆ ಆದರೆ ಗಾಡಿ ಏರುವುದಿಲ್ಲ ಎಂದರೆ ಸಾಮಾನ್ಯವಾಗಿ ಕ್ಲಚ್ ಪ್ಲೇಟ್ ಸವೆದಿದೆ. ಈ ಕೊನೆಯದಕ್ಕೂ ಗೇರ್‌ಬಾಕ್ಸ್ ಹೋಗಿದೆ ಅಂತ ಹೇಳಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಗೇರ್ ಎಣ್ಣೆ ಇಳಿಸಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಎಣ್ಣೆಯಲ್ಲಿ ಅರಿಶಿನ ಪುಡಿಯಷ್ಟು ಸಣ್ಣ ಲೋಹದ ಪುಡಿ ಇದ್ದರೆ ಗಾಬರಿಯಿಲ್ಲ, ಅದು ಸಹಜ ಸವೆತ. ಅಕ್ಕಿ ನುಚ್ಚಿನಂಥ ಚೂರು, ಮುರಿದ ಹಲ್ಲಿನ ತುಂಡು ಬಂದರೆ ದೊಡ್ಡ ಪೆಟ್ಟೇ ಬಿದ್ದಿದೆ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಿದ ಗಾಡಿಗಳಲ್ಲಿ ಹೀಗಾಗುತ್ತದೆ.

ಮೂರು ದಾರಿ, ಮೂರು ಲೆಕ್ಕ

ಆ ಸದಸ್ಯೆಯ ಗಾಡಿಗೆ ಬರೋಣ. ಎರಡನೇ ಮೆಕ್ಯಾನಿಕ್ ಎಣ್ಣೆ ಇಳಿಸಿದರು, ಚೂರುಗಳಿರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಎರಡು ಬೇರಿಂಗ್ ಮತ್ತು ಎರಡನೇ ಗೇರಿನ ಸಿಂಕ್ರೋ ರಿಂಗ್ ಸವೆದಿದ್ದವು. ಹಲ್ಲುಗಳು ಸರಿಯಾಗಿದ್ದವು. ಹೇಗೂ ಪೆಟ್ಟಿಗೆ ಇಳಿಸಿದೆ ಎಂದು ಕ್ಲಚ್ ಪ್ಲೇಟ್ ಮತ್ತು ಎಲ್ಲ ಸೀಲುಗಳನ್ನೂ ಬದಲಾಯಿಸಲು ಹೇಳಿದರು. ಇದು ಸರಿಯಾದ ಸಲಹೆ. ಪೆಟ್ಟಿಗೆ ಇಳಿಸಿ ಏರಿಸುವ ಕೂಲಿಯೇ ದೊಡ್ಡದು, ಮೂರು ತಿಂಗಳ ನಂತರ ಕ್ಲಚ್ಚಿಗಾಗಿ ಮತ್ತೆ ಅದೇ ಕೂಲಿ ಕೊಡಬೇಕಾಗುತ್ತದೆ. ಸಾಮಾನು 9,100, ಕೂಲಿ 4,500, ಗೇರ್ ಎಣ್ಣೆ ಮತ್ತು ಇತರೆ 1,000. ಒಟ್ಟು 14,600. ಸಂಘ 15,000 ಸಾಲ ಕೊಟ್ಟಿತು.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಗಾಡಿ ನಿಂತ ದಿನದ ದುಡಿಮೆಯೂ ಖರ್ಚೇ. ಡೀಸೆಲ್ ಕಳೆದು ದಿನಕ್ಕೆ 700 ಉಳಿಯುತ್ತಿತ್ತು. ನಾಲ್ಕು ದಿನ ಎಂದ ಮೆಕ್ಯಾನಿಕ್ ಒಂಬತ್ತು ದಿನ ಮಾಡಿದರು, ಬೇರಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕಿತ್ತಂತೆ. ಅಲ್ಲಿಗೆ 6,300 ನಷ್ಟ. ಒಟ್ಟು 20,900. ಹೊಸ ಪೆಟ್ಟಿಗೆ ಹಾಕಿಸಿದ್ದರೆ 42,000 ಮತ್ತು ಎರಡು ದಿನದ 1,400 ಸೇರಿ 43,400. ಗುಜರಿ ಅಂಗಡಿಯ ಹಳೇ ಪೆಟ್ಟಿಗೆಗೆ ಕೂಲಿ ಸೇರಿ 22,000 ಹೇಳಿದ್ದರು, ಮೂರು ದಿನದ 2,100 ಸೇರಿಸಿದರೆ 24,100.

ನೋಡಿ, ಬಿಚ್ಚಿ ಸರಿ ಮಾಡಿಸಿದ್ದಕ್ಕೂ ಗುಜರಿ ಪೆಟ್ಟಿಗೆಗೂ ವ್ಯತ್ಯಾಸ ಕೇವಲ 3,200. ಇನ್ನೈದು ದಿನ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ. ರಿಪೇರಿ ಯಾವಾಗಲೂ ಅಗ್ಗ ಎಂದು ಕಣ್ಣುಮುಚ್ಚಿ ನಂಬಬೇಡಿ ಎನ್ನುವುದಕ್ಕೇ ಈ ಲೆಕ್ಕ ಬರೆದೆ.

ಬದಲಾಯಿಸುವುದೇ ಸರಿಯಾದ ಸಂದರ್ಭವೂ ಇದೆ. ಇನ್ನೊಂದು ಊರಿನಲ್ಲಿ ಸೀಲ್ ಸೋರುತ್ತಿದ್ದದ್ದನ್ನು ತಿಂಗಳುಗಟ್ಟಲೆ ಅಲಕ್ಷ್ಯ ಮಾಡಿ, ಎಣ್ಣೆಯಿಲ್ಲದೆ ಓಡಿಸಿ, ಹಲ್ಲು ಮುರಿದು ಚಿಪ್ಪೂ ಬಿರುಕು ಬಿಟ್ಟಿತ್ತು. ಕಡಿಮೆಯಲ್ಲಿ ಆಗಲಿ ಎಂದು ಚಿಪ್ಪಿಗೆ ವೆಲ್ಡಿಂಗ್ ಮಾಡಿಸಿ 17,000 ಕೊಟ್ಟು ಸರಿ ಮಾಡಿಸಿದರು. ಮೂರು ತಿಂಗಳಲ್ಲಿ ಮತ್ತೆ ಸದ್ದು. ವೆಲ್ಡಿಂಗ್ ಶಾಖಕ್ಕೆ ಚಿಪ್ಪು ಸೊಟ್ಟಗಾದರೆ ಬೇರಿಂಗ್ ಕೂರುವ ಜಾಗ ನೇರ ಇರುವುದಿಲ್ಲ. ಮತ್ತೆ 13,000. ಕೊನೆಗೆ 24,000 ಕೊಟ್ಟು ಹಳೇ ಪೆಟ್ಟಿಗೆಯೇ ಹಾಕಿಸಿದರು. ಒಟ್ಟು 54,000, ಮೂರು ಸಾಲ! ಚಿಪ್ಪು ಬಿರುಕು ಬಿಟ್ಟಿದ್ದರೆ, ಬೇರಿಂಗ್ ಕೂರುವ ಜಾಗ ಸವೆದಿದ್ದರೆ, ಒಂದಕ್ಕಿಂತ ಹೆಚ್ಚು ಚಕ್ರದ ಹಲ್ಲು ಮುರಿದಿದ್ದರೆ ರಿಪೇರಿಗೆ ಹಣ ಸುರಿಯುವುದು ಬೇಡ.

ಗುಜರಿ ಪೆಟ್ಟಿಗೆ ತರುವುದಾದರೆ ನಮ್ಮ ಗಾಡಿಯ ಮಾಡೆಲ್ಲಿಗೇ ಹೊಂದಬೇಕು. ನೋಡಲು ಒಂದೇ ಥರ ಇದ್ದರೂ ಒಳಗಿನ ಹಲ್ಲಿನ ಲೆಕ್ಕ ಬೇರೆ ಇರಬಹುದು. ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು, ಎಲ್ಲ ಗೇರೂ ಬೀಳಬೇಕು. ಹೊಸ ಸೀಲ್, ಹೊಸ ಎಣ್ಣೆ ಹಾಕದೆ ಏರಿಸಬಾರದು. ಬಿಲ್ಲು ತಪ್ಪದೇ ತೆಗೆದುಕೊಳ್ಳಿ, ಕದ್ದ ಗಾಡಿಯ ಸಾಮಾನಾಗಿದ್ದರೆ ಪೊಲೀಸರು ನಮ್ಮ ಮನೆಗೂ ಬರುತ್ತಾರೆ. ಗೇರ್‌ಬಾಕ್ಸಿನ ನಂಬರು ಆರ್.ಸಿ. ಪುಸ್ತಕದಲ್ಲಿ ಇರುವುದಿಲ್ಲ. ಹಾಗಾಗಿ ಎಂಜಿನ್ ಬದಲಿಸಿದಾಗಿನಂತೆ ಆರ್.ಟಿ.ಒ. ಕಚೇರಿಗೆ ಓಡಾಡುವ ಕೆಲಸವಿಲ್ಲ.

ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. ಸವೆದು ಕೆಟ್ಟ ಗೇರ್‌ಬಾಕ್ಸಿಗೆ ಸಾಮಾನ್ಯ ವಾಹನ ವಿಮೆಯಲ್ಲಿ ಪರಿಹಾರವಿಲ್ಲ. ಕಂಪನಿಯ ವಾರಂಟಿ ಇನ್ನೂ ಇದ್ದರೆ ಮಾತ್ರ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ, ಮೊದಲು ಅವರಿಗೇ ತೋರಿಸಿ.

ಗ್ಯಾರೇಜನ್ನು ನಂಬುವುದು ಹೇಗೆ?

ಎಲ್ಲ ಮೆಕ್ಯಾನಿಕ್ಕರೂ ಮೋಸಗಾರರಲ್ಲ. ಕೆಲಸ ಮಾಡಿಸಿಕೊಂಡು ಹಣ ಬಾಕಿ ಇಟ್ಟು ಓಡಾಡುವ ಗಿರಾಕಿಗಳೂ ಬೇಕಾದಷ್ಟಿದ್ದಾರೆ, ಅದನ್ನೂ ನಾವು ಒಪ್ಪಬೇಕು. ಮೊದಲನೇ ಗ್ಯಾರೇಜಿನವರು ಕೂಡ ಬೇಕೆಂದೇ ಸುಳ್ಳು ಹೇಳಿದರೆನ್ನಲು ನನ್ನಲ್ಲಿ ಸಾಕ್ಷಿಯಿಲ್ಲ. ಬಿಚ್ಚಿ ಜೋಡಿಸುವ ಕೈಚಳಕ ಇಲ್ಲದ ಕಡೆ ಪೂರ್ತಿ ಬದಲಾಯಿಸುವುದೇ ಅವರಿಗೆ ಸುಲಭ. ಅದಕ್ಕೇ ಗೇರ್‌ಬಾಕ್ಸ್ ಕೆಲಸ ಯಾರು ಚೆನ್ನಾಗಿ ಮಾಡುತ್ತಾರೆ ಎಂದು ಸ್ಟ್ಯಾಂಡಿನಲ್ಲಿ ನಾಲ್ಕು ಜನ ಡ್ರೈವರುಗಳನ್ನು ಕೇಳಿ. ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಒಳ್ಳೆಯ ಮೆಕ್ಯಾನಿಕ್ ನಮ್ಮ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಬಿಚ್ಚಿದ ಮೇಲೆ ಕರೆದು ತೋರಿಸುತ್ತಾರೆ, ಏನೇನು ಬದಲಾಯಿಸಬೇಕೆಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬಿಚ್ಚಿ ನೋಡುವ ಕೂಲಿ ಎಷ್ಟು, ಅಲ್ಲಿ ಮಾಡಿಸದಿದ್ದರೆ ವಾಪಸ್ ಜೋಡಿಸಲು ಎಷ್ಟು ಎಂದು ಬಿಚ್ಚುವ ಮೊದಲೇ ಮಾತಾಡಿಕೊಳ್ಳಬೇಕು. ಬಿಚ್ಚಿ ಹರಡಿದ ಮೇಲೆ ನಮ್ಮ ಮಾತಿಗೆ ಬೆಲೆ ಕಡಿಮೆ. ಮಾಡಿದ ಕೆಲಸದ ಕೂಲಿ ಬರುವ ತನಕ ಗಾಡಿಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು 1872ರ ಕರಾರು ಕಾಯಿದೆಯೇ ಅವರಿಗೆ ಕೊಟ್ಟಿದೆ. ಒಪ್ಪಿದ ಮೊತ್ತ ಬರವಣಿಗೆಯಲ್ಲಿ ಇದ್ದರೆ ಆಮೇಲೆ ಜಗಳ ಬರುವುದಿಲ್ಲ. ಹೆಚ್ಚಿನ ಕೆಲಸ ಬಂದರೆ ಫೋನ್ ಮಾಡಿ ಕೇಳದೆ ಮಾಡಬಾರದು ಎಂದು ಅದೇ ಚೀಟಿಯಲ್ಲಿ ಬರೆಸಿ.

ಹಳೇ ಸಾಮಾನನ್ನು ವಾಪಸ್ ಕೇಳಿ. ಬೇರಿಂಗಿನ ಡಬ್ಬಿಯನ್ನೂ, ಸ್ಪೇರ್ ಅಂಗಡಿಯ ಬಿಲ್ಲನ್ನೂ ಕೇಳಿ. ಡೂಪ್ಲಿಕೇಟ್ ಬೇರಿಂಗ್ ಹಾಕಿ ಕಂಪನಿ ಮಾಲಿನ ಹಣ ತೆಗೆದುಕೊಳ್ಳುವುದು ಈ ವ್ಯಾಪಾರದಲ್ಲಿ ಇದೆ. ಬಿಚ್ಚಿದ್ದನ್ನು ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಮುಂಗಡ ಸಾಮಾನಿನ ಹಣದಷ್ಟೇ ಇರಲಿ, ಕೂಲಿ ಗಾಡಿ ಓಡಿಸಿ ನೋಡಿದ ಮೇಲೆ. ಖಾಲಿ ಗಾಡಿ ಓಡಿಸಿ ಸುಮ್ಮನಾಗಬೇಡಿ, ಲೋಡು ಹಾಕಿ ಏರು ಹತ್ತಿಸಿ.

ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳುತ್ತದೆ. ಕೆಲಸ ಕೆಟ್ಟು, ಮಾತಿಗೂ ಬಗ್ಗದಿದ್ದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಾಡಿಗೆ ಗಾಡಿ ವಾಣಿಜ್ಯದ್ದು ಎಂದು ಆ ಕಡೆಯವರು ತಕರಾರು ತೆಗೆಯಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದೇ ಕೊಂಡು ಬಳಸುವ ಸರಕು ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯಿದೆಯಲ್ಲೇ ವಿವರಣೆ ಇದೆ. ಆದರೆ ಕೈಯಲ್ಲಿ ಕಾಗದವಿಲ್ಲದೆ ಹೋದರೆ ಏನೂ ನಡೆಯುವುದಿಲ್ಲ.

ಗಾಡಿ ಮನೆಗೆ ಬಂದ ಮೇಲೆ

ಒಂದು ವಾರ ಬೆಳಿಗ್ಗೆ ಗಾಡಿಯ ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯೇ ನೋಡಿ, ಇದಕ್ಕೆ ಗಂಡಸರೇ ಬೇಕಿಲ್ಲ. ಗೇರ್ ಲಿವರಿನ ಮೇಲೆ ಸುಮ್ಮನೆ ಕೈಯಿಟ್ಟುಕೊಂಡು ಓಡಿಸಿದರೆ ಒಳಗಿನ ಫೋರ್ಕ್ ಸವೆಯುತ್ತದೆ, ಕ್ಲಚ್ ಮೇಲೆ ಕಾಲಿಟ್ಟೇ ಇದ್ದರೆ ರಿಲೀಸ್ ಬೇರಿಂಗೂ ಕ್ಲಚ್ ಪ್ಲೇಟೂ ಸವೆಯುತ್ತವೆ. ಘಟ್ಟದ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸುವ ಚಾಳಿಯೂ ಅಷ್ಟೇ. ಮನೆಯವರಿಗೆ ಹೇಳಿದರೆ ನಗಬಹುದು. ಆ ಸದಸ್ಯೆಯ ಮನೆಯವರೂ ಮೊದಲು ನಕ್ಕಿದ್ದರಂತೆ, ಈಗ ಸವೆದ ಹಳೇ ಬೇರಿಂಗನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡಿದ್ದಾರೆ.

ಮುಂದಿನ ಸಭೆಯಲ್ಲಿ ಇದನ್ನು ಓದಿ ಹೀಗೆ ಚರ್ಚಿಸಿ: ನಿಮ್ಮ ಸಂಘದಲ್ಲಿ ಎಷ್ಟು ಮನೆಗಳ ದುಡಿಮೆ ಗಾಡಿಯ ಮೇಲಿದೆ? ರಿಪೇರಿ ಸಾಲಕ್ಕೆ ಗ್ಯಾರೇಜಿನ ಲಿಖಿತ ಎಸ್ಟಿಮೇಟ್ ಬೇಕೆಂದು ಠರಾವು ಮಾಡಬಹುದೇ? ಗಾಡಿ ನಿಂತ ದಿನಗಳಲ್ಲಿ ಆ ಸದಸ್ಯೆಯ ಕಂತನ್ನು ಏನು ಮಾಡುವುದು?