ಪಹಣಿಯೂ ಮೇಘಗಣಕವೂ

ರೈತನಿಗೆ ಪಹಣಿ ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಬ್ಯಾಂಕಿನ ಸಾಲ, ಬೆಳೆವಿಮೆ, ಹೊಲದ ಮಾರಾಟ, ಅಣ್ಣತಮ್ಮಂದಿರ ಪಾಲುಹಂಚಿಕೆ ಇವೆಲ್ಲಕ್ಕೂ ಅದೇ ಆಧಾರ. ಹಿಂದೆ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಗಳನ್ನು ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿಸಿತು. 2002ರ ಹೊತ್ತಿಗೆ ಸುಮಾರು 67 ಲಕ್ಷ ಭೂ ಒಡೆಯರ ಸುಮಾರು 2 ಕೋಟಿ ದಾಖಲೆಗಳು ಅದರೊಳಗೆ ಸೇರಿದ್ದುವು. ಮೊದಲು ತಾಲ್ಲೂಕು ಕಚೇರಿಯಲ್ಲಿ ಮಾತ್ರ ಸಿಗುತ್ತಿದ್ದ ಪಹಣಿ ಈಗ ಅಂತರಜಾಲದಲ್ಲಿಯೂ ದೊರೆಯುತ್ತದೆ. ಇಂತಹ ಸೇವೆಯೊಂದನ್ನು ಕೆಡದಂತೆ ನವೀಕರಿಸುವ ಬಗೆ ಹೇಗೆ? ಒಂದು ನಿದರ್ಶನದಿಂದ ಇದನ್ನು ತಿಳಿಯೋಣ.

ಎರಡು ಭಾಗಗಳು

ಇಂತಹ ಸೇವೆಯಲ್ಲಿ ಎರಡು ಭಾಗಗಳುಂಟು. ಕೇಳಿದವರಿಗೆ ಪುಟವನ್ನು ಸಿದ್ಧಪಡಿಸಿ ತೋರಿಸುವ ತಂತ್ರಾಂಶ ಒಂದು. ದಾಖಲೆಗಳನ್ನು ಕಾಯ್ದಿಡುವ ದತ್ತಸಂಚಯ ಇನ್ನೊಂದು. ಇವೆರಡನ್ನೂ ಈಗ ಬಹುಮಟ್ಟಿಗೆ ‘ಮೇಘ’ದಲ್ಲಿ ಇರಿಸುತ್ತಾರೆ. ಮೇಘವೆಂದರೆ ದೂರದ ಕಟ್ಟಡದಲ್ಲಿ ಸಾಲಾಗಿ ನಿಂತ ಸಾವಿರಾರು ಗಣಕಗಳು. ಅವುಗಳ ಶಕ್ತಿಯನ್ನು ಬೇಕಾದಾಗ ಬೇಕಾದಷ್ಟು ಪಡೆಯಬಹುದು. ಭಾರತ ಸರಕಾರದ ‘ಮೇಘರಾಜ್’ ವ್ಯವಸ್ಥೆ 2014ರಲ್ಲಿ ಆರಂಭವಾಯಿತು.

ಹೊಸ ತಂತ್ರಾಂಶವನ್ನು ಮನುಷ್ಯನೇ ಒಂದೊಂದಾಗಿ ಆಜ್ಞೆ ಕೊಟ್ಟು ಹತ್ತು ಗಣಕಗಳಲ್ಲಿ ಹೂಡಿದನೆನ್ನಿ. ಒಂಬತ್ತರಲ್ಲಿ ಸರಿಯಾಗಿ ಮಾಡಿ ಹತ್ತನೆಯದರಲ್ಲಿ ಒಂದು ಹೆಜ್ಜೆ ಮರೆತರೆ, ಅದೇ ಪಹಣಿ ಒಮ್ಮೆ ಒಂದು ಬಗೆಯಾಗಿ, ಇನ್ನೊಮ್ಮೆ ಬೇರೆ ಬಗೆಯಾಗಿ ಕಂಡೀತು. ಆದುದರಿಂದ ಈ ಹೆಜ್ಜೆಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು ಯಂತ್ರದಿಂದಲೇ ನಡೆಸುವರು. ಎಷ್ಟು ಗಣಕಗಳು ಬೇಕು, ಯಾವುದರಲ್ಲಿ ಏನಿರಬೇಕು ಎಂಬುದು ಅಲ್ಲಿರುತ್ತದೆ. ಯಂತ್ರವು ಈಗಿರುವ ಸ್ಥಿತಿಯನ್ನು ಬರೆದಿರುವ ಸ್ಥಿತಿಯೊಡನೆ ಹೋಲಿಸಿ, ವ್ಯತ್ಯಾಸವಿದ್ದಷ್ಟನ್ನೇ ಸರಿಪಡಿಸುತ್ತದೆ. ಒಂದೇ ಕಡತವನ್ನು ಎರಡು ಸಲ ನಡೆಸಿದರೂ ಫಲ ಒಂದೇ. ಹೊಸ ತಂತ್ರಾಂಶವನ್ನು ಮೊದಲು ಪರೀಕ್ಷಿಸಿ, ಬಳಿಕ ಒಂದೆರಡು ಗಣಕಗಳಲ್ಲಿ ಹೂಡಿ, ದೋಷ ಕಾಣದಿದ್ದರೆ ಮಾತ್ರ ಉಳಿದವುಗಳಿಗೆ ಹರಡುತ್ತದೆ. ಕಂಡರೆ ಹಳೆಯದನ್ನು ಮರಳಿ ತರುತ್ತದೆ.

ದತ್ತಸಂಚಯದ ತೊಡಕು

ತಂತ್ರಾಂಶವನ್ನು ಅಳಿಸಿ ಮತ್ತೆ ಹೂಡಬಹುದು. ಅದರ ಮೂಲಪ್ರತಿ ಬೇರೆಡೆ ಇರುತ್ತದೆ. ದಾಖಲೆಗಳ ವಿಷಯ ಹಾಗಲ್ಲ. ನಿನ್ನೆಯ ನಕಲನ್ನು ಮರಳಿ ತಂದರೆ ಇಂದು ಬೆಳಿಗ್ಗೆ ದಾಖಲಾದ ಹಕ್ಕು ಬದಲಾವಣೆ ಅಳಿದುಹೋಗುತ್ತದೆ. ಸ್ವಯಂಚಾಲನೆಯಲ್ಲಿ ನಿಜವಾಗಿ ಕಠಿಣವಾದುದು ಇದೇ.

ಹರಪನಹಳ್ಳಿಯ ಹೊಲವೊಂದನ್ನು ನೆನೆಯಿರಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೊಲ ಕದಲಲಿಲ್ಲ, ವಿಳಾಸ ಮಾತ್ರ ಮೂರು ಬಾರಿ ಬದಲಾಯಿತು. ಜಿಲ್ಲೆಯ ಹೆಸರನ್ನು ಪ್ರತಿ ಪಹಣಿಯಲ್ಲೂ ಬರೆದಿದ್ದರೆ ತಾಲ್ಲೂಕಿನ ಎಲ್ಲ ದಾಖಲೆಗಳನ್ನೂ ತಿದ್ದಬೇಕು. ಪಹಣಿಯಲ್ಲಿ ಗ್ರಾಮದ ಸಂಕೇತವನ್ನಷ್ಟೇ ಇರಿಸಿ, ಗ್ರಾಮವು ಯಾವ ತಾಲ್ಲೂಕಿನದು, ತಾಲ್ಲೂಕು ಯಾವ ಜಿಲ್ಲೆಯದು ಎಂಬುದನ್ನು ಬೇರೆ ಪಟ್ಟಿಗಳಲ್ಲಿ ಬರೆದಿದ್ದರೆ ಒಂದೇ ಸಾಲು ತಿದ್ದಿದರೆ ಸಾಕು. ಕೂಡ್ಲಿಗಿಯಿಂದ ಕೊಟ್ಟೂರು ಬೇರೆ ತಾಲ್ಲೂಕಾದಂತಹ ಸಂದರ್ಭದಲ್ಲಿ ಮಾತ್ರ ಆಯಾ ಗ್ರಾಮಗಳ ಸಾಲುಗಳನ್ನು ತಿದ್ದಬೇಕಾಗುತ್ತದೆ.

ಇಂತಹ ಪ್ರತಿಯೊಂದು ತಿದ್ದುಪಡಿಗೂ ಕ್ರಮಸಂಖ್ಯೆಯುಳ್ಳ ಸಣ್ಣ ಕಡತವನ್ನು ಬರೆಯುವರು. ತಾಲ್ಲೂಕು ಕಚೇರಿಯ ಮ್ಯುಟೇಶನ್ ವಹಿಯಲ್ಲಿ ಹಕ್ಕು ಬದಲಾವಣೆಗಳು ಒಂದಾದ ಮೇಲೊಂದರಂತೆ ನಮೂದಾಗುವ ಹಾಗೆಯೇ, ಯಾವ ಸಂಖ್ಯೆಯವರೆಗೆ ತಿದ್ದುಪಡಿ ನಡೆದಿದೆಯೆಂಬುದು ದತ್ತಸಂಚಯದಲ್ಲೇ ನಮೂದಾಗಿರುತ್ತದೆ. ಆದುದರಿಂದ ಯಾವುದೂ ಎರಡು ಸಲ ನಡೆಯದು, ನಡುವೆ ಒಂದು ಬಿಟ್ಟೂ ಹೋಗದು. ತಿದ್ದುಪಡಿಗೆ ಮುನ್ನ ನಕಲು ತೆಗೆದು, ತಿದ್ದುಪಡಿಯನ್ನು ಒಂದೇ ಅಖಂಡ ವ್ಯವಹಾರವಾಗಿ ನಡೆಸುವರು: ಪೂರ್ತಿಯಾದರೆ ನಿಲ್ಲುತ್ತದೆ, ನಡುವೆ ಕೆಟ್ಟರೆ ಏನೂ ಆಗದಂತೆ ಮೊದಲಿನ ಸ್ಥಿತಿಗೆ ಬರುತ್ತದೆ. ಕಡೆಗೆ ಮೊದಲಿದ್ದ ಪಹಣಿಗಳ ಸಂಖ್ಯೆಯೂ ಈಗಿರುವ ಸಂಖ್ಯೆಯೂ ಒಂದೇ ಎಂಬುದನ್ನು ಎಣಿಸಿ ನೋಡುವರು.

ಇನ್ನೊಂದು ಎಚ್ಚರಿಕೆ ಅವಶ್ಯ. ಹೊಸ ಅಂಕಣವನ್ನು ಸೇರಿಸಿದೊಡನೆ ಹಳೆಯದನ್ನು ಅಳಿಸಬಾರದು. ಹಳೆಯ ತಂತ್ರಾಂಶ ಇನ್ನೂ ಕೆಲವು ಗಣಕಗಳಲ್ಲಿ ನಡೆಯುತ್ತಿರಬಹುದು. ಎರಡೂ ಕೆಲವು ದಿನ ಜೊತೆಗಿದ್ದು, ಹೊಸದು ನೆಲೆನಿಂತ ಮೇಲಷ್ಟೇ ಹಳೆಯದನ್ನು ತೆಗೆಯುವುದು ಕ್ಷೇಮ.

ಯಂತ್ರವು ದಣಿಯದು, ಮರೆಯದು. ಆದರೆ ಬರೆದುಕೊಟ್ಟ ತಪ್ಪನ್ನೂ ಅದೇ ನಿಷ್ಠೆಯಿಂದ ಎಲ್ಲೆಡೆ ಹರಡುತ್ತದೆ. ಕೈಬರಹದ ಕಾಲದ ತಪ್ಪು ಒಂದು ಪುಟದಲ್ಲಿ ಉಳಿಯುತ್ತಿತ್ತು. ಇಂದಿನದು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳನ್ನು ಕ್ಷಣದಲ್ಲಿ ಮುಟ್ಟೀತು. ಆದಕಾರಣ ಕಡತವನ್ನು ಬರೆದವನಲ್ಲದೆ ಮತ್ತೊಬ್ಬನೂ ಓದಿ ಒಪ್ಪಬೇಕು. ತೆಗೆದಿಟ್ಟ ನಕಲಿನಿಂದ ದಾಖಲೆಗಳು ನಿಜವಾಗಿ ಮರಳಿ ಬರುವುವೇ ಎಂದು ಆಗಾಗ ಪರೀಕ್ಷಿಸಬೇಕು. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು.