ಗೆರೆ ಬೀಳದಂತೆ ಬಣ್ಣ ಹಚ್ಚೋಣ

ಮಕ್ಕಳೇ, 44 ಮೀಟರ್ ಎತ್ತರದ ಪಿಎಸ್‌ಎಲ್‌ವಿ ರಾಕೆಟ್ಟಿನ ಮಾದರಿಯನ್ನು ನೂರು ಪಟ್ಟು ಚಿಕ್ಕದಾಗಿ ಮಾಡಿದರೆ ಅದರ ಎತ್ತರ 44 ಸೆಂ.ಮೀ. ಮಾದರಿಯ ಮೇಲೆ ಬ್ರಷ್ಷಿನ ಗೆರೆ ಅರ್ಧ ಮಿ.ಮೀ. ಉಬ್ಬಿದರೂ ನಿಜವಾದ ರಾಕೆಟ್ಟಿನಲ್ಲಿ 5 ಸೆಂ.ಮೀ. ಉಬ್ಬಿದಂತೆ!

ಗೆರೆ ಏಕೆ ಉಳಿಯುತ್ತದೆ? ಅಕ್ರಿಲಿಕ್ ಬಣ್ಣದ ನೀರಿನಲ್ಲಿ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳಿರುತ್ತವೆ. ನೀರು ಆವಿಯಾದಾಗ ಅವು ಬೆಸೆದುಕೊಂಡು ಪದರವಾಗುತ್ತವೆ. ಗಟ್ಟಿ ಬಣ್ಣ ಹರಿದು ಸಮವಾಗುವ ಮೊದಲೇ ಒಣಗಿಬಿಡುತ್ತದೆ.

ಮಾಡಿ ನೋಡಿ: ಹನಿ ಹನಿಯಾಗಿ ನೀರು ಬೆರೆಸಿ, ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ. ಮೊದಲು ಬೇಡವಾದ ರಟ್ಟಿನ ಮೇಲೆ ಹಚ್ಚಿ ಪರೀಕ್ಷಿಸಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚಿ. ನೀರು ಅತಿಯಾದರೆ ಬಣ್ಣ ಸರಿಯಾಗಿ ಹಿಡಿಯದು. ರಟ್ಟೂ ನೆನೆದು ಉಬ್ಬುತ್ತದೆ.

ಯೋಚಿಸಿ: ಒಣಗಿದ ಅಕ್ರಿಲಿಕ್ ಬಣ್ಣ ನೀರಿನಲ್ಲಿ ಕರಗದು. ಹಾಗಾದರೆ ಬ್ರಷ್ಷನ್ನು ಯಾವಾಗ ತೊಳೆಯಬೇಕು?