ಕಟಕಟೆ ಏರಲು ಯಾರು ಅರ್ಹರು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮೊದಲ ಸಲ ಸಮನ್ಸ್ ಕೈಗೆ ಬಂದವರಿಗೆ ಕಾಡುವ ಅನುಮಾನಗಳು ಹೆಚ್ಚುಕಡಿಮೆ ಇವೇ: 'ನಾ ಸಾಲಿ ಕಲ್ತಿಲ್ಲ, ನನ್ನ ಸಾಕ್ಷಿ ನಡೀತದೇನು?' 'ಹುಡುಗಿಗಿನ್ನೂ ಎಂಟು ವರ್ಷ, ಆಕಿ ಮಾತು ಕೋರ್ಟಿನ್ಯಾಗ ಯಾರು ಕೇಳ್ತಾರ?' ನಡೆಯುತ್ತದೆ, ಕೇಳುತ್ತಾರೆ. ಹೇಗೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಮೊದಲು ಸಿನಿಮಾಗಳಿಂದ ಬಂದ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಊರಿನ ಸಾಮಾನ್ಯರನ್ನೇ ಕರೆಸಿ, ಅರ್ಹತೆ ಪರೀಕ್ಷಿಸಿ, ಜ್ಯೂರಿಯಾಗಿ ಕೂರಿಸುತ್ತಾರೆ. ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ಹೇಳುವವರು ಅವರೇ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೂ ಈ ಪದ್ಧತಿ ಇತ್ತು. 1898ರ ದಂಡಪ್ರಕ್ರಿಯಾ ಸಂಹಿತೆಯ ಪ್ರಕಾರ ಜ್ಯೂರಿಗೆ ಕರೆಯುತ್ತಿದ್ದುದು 21ರಿಂದ 60 ವರ್ಷದ ಗಂಡಸರನ್ನು. 1959ರಲ್ಲಿ ಬಾಂಬೆಯ ನಾನಾವತಿ ಪ್ರಕರಣದಲ್ಲಿ ಜ್ಯೂರಿ ಕೊಟ್ಟ 'ನಿರ್ದೋಷಿ' ಎಂಬ ಅಭಿಪ್ರಾಯವನ್ನು ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. 1973ರ ಹೊಸ ಸಂಹಿತೆ ಜ್ಯೂರಿಯನ್ನು ಕೈಬಿಟ್ಟಿತು. ಈಗ ತೀರ್ಪು ನ್ಯಾಯಾಧೀಶರದು ಮಾತ್ರ. ಕ್ರಿಮಿನಲ್ ವಿಚಾರಣೆಗೆ ಜನಸಾಮಾನ್ಯರನ್ನು ಕರೆಸುವುದು ಬಹುಮಟ್ಟಿಗೆ ಸಾಕ್ಷಿಯಾಗಿ. ಹಾಗಾಗಿ ನಮ್ಮಲ್ಲಿ ಅರ್ಹತೆಯ ಪ್ರಶ್ನೆ ಏಳುವುದು ಸಾಕ್ಷಿ ಕಟಕಟೆಯ ಹತ್ತಿರ.

1872ರ ಸಾಕ್ಷ್ಯ ಅಧಿನಿಯಮದ 118ನೇ ಕಲಮು ಇದಕ್ಕೆ ಉತ್ತರ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಮು ಹೇಳುವುದೂ ಅದನ್ನೇ: ಎಲ್ಲರೂ ಅರ್ಹರು. ಎಳೆ ವಯಸ್ಸು, ತೀರಾ ಮುಪ್ಪು, ದೇಹದ ಅಥವಾ ಮನಸ್ಸಿನ ಕಾಯಿಲೆಯಂಥ ಕಾರಣದಿಂದ ಕೇಳಿದ ಪ್ರಶ್ನೆ ಅರ್ಥವಾಗದಿದ್ದರೆ, ಇಲ್ಲವೇ ಸರಿಯಾದ ಉತ್ತರ ಕೊಡಲಾಗದಿದ್ದರೆ ಮಾತ್ರ ಅನರ್ಹರು. ಕನಿಷ್ಠ ವಯಸ್ಸು ಇಷ್ಟಿರಬೇಕು ಎಂದು ಕಾನೂನು ಗೆರೆ ಎಳೆದಿಲ್ಲ. ಅಕ್ಷರ ಬರಬೇಕೆಂದೂ ಇಲ್ಲ, ಫಿರ್ಯಾದಿಯ ರಕ್ತಸಂಬಂಧಿ ಆಗಿರಬಾರದೆಂದೂ ಇಲ್ಲ. ಮಾತು ಬಾರದವರು ಬರೆದೋ ಸನ್ನೆಯಲ್ಲೋ ಹೇಳಬಹುದು, ಅದೂ ಬಾಯಿಸಾಕ್ಷ್ಯವೇ.

ಚಿಕ್ಕ ಮಕ್ಕಳು ಬಂದಾಗ ನ್ಯಾಯಾಧೀಶರು ಸಾಕ್ಷ್ಯಕ್ಕೆ ಮೊದಲು ಖುದ್ದಾಗಿ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಅವು ಘಟನೆಗೆ ಸಂಬಂಧಿಸಿದವಲ್ಲ. ನಿನ್ನ ಹೆಸರೇನು, ಎಷ್ಟನೇ ಕ್ಲಾಸು, ಟೀಚರ್ ಹೆಸರೇನು, ಮನೆಯಲ್ಲಿ ಯಾರ‍್ಯಾರಿದ್ದಾರೆ, ಸುಳ್ಳು ಹೇಳುವುದು ಒಳ್ಳೆಯದೋ ಕೆಟ್ಟದ್ದೋ ಎಂಬಂಥವು. 'ಸುಳ್ಳು ಹೇಳಿದ್ರ ಏನಾಗ್ತದ?' ಎಂದು ಕೇಳಿದರೆ ಒಂದು ಮಗು 'ದೇವರು ಸಿಟ್ಟಾಗ್ತಾನ' ಎನ್ನಬಹುದು, ಇನ್ನೊಂದು 'ಅವ್ವ ಬೈತಾಳ' ಎನ್ನಬಹುದು. ಎರಡರಲ್ಲೂ ಸುಳ್ಳು ತಪ್ಪೆಂಬ ಅರಿವು ಕಾಣುತ್ತದೆ. ಬರೀ ತಲೆಯಾಡಿಸಿದರೆ ಮಗುವಿನ ತಿಳಿವಳಿಕೆ ಗೊತ್ತಾಗುವುದಿಲ್ಲ, ಅದಕ್ಕೇ ಬಾಯಿಬಿಟ್ಟು ಹೇಳಬೇಕಾದ ಪ್ರಶ್ನೆಗಳೇ ಹೆಚ್ಚಿರುತ್ತವೆ. ಈ ಪ್ರಶ್ನೋತ್ತರವನ್ನೂ, ಮಗುವಿಗೆ ತಿಳಿವಳಿಕೆ ಇದೆಯೇ ಎಂಬ ತಮ್ಮ ಅಭಿಪ್ರಾಯವನ್ನೂ ನ್ಯಾಯಾಧೀಶರು ದಾಖಲಿಸಬೇಕು. ರಾಜಸ್ಥಾನದ ಎಂಟು ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1951ರಷ್ಟು ಹಿಂದೆಯೇ ಈ ಅಭಿಪ್ರಾಯ ದಾಖಲಿಸಬೇಕೆಂದು ಹೇಳಿದೆ. ನಿಜ ಹೇಳಬೇಕೆಂಬುದು ಗೊತ್ತಿದ್ದು, ಪ್ರಮಾಣವಚನ ಎಂದರೇನೆಂದು ತಿಳಿಯದ 12 ವರ್ಷದೊಳಗಿನ ಮಗುವಿನಿಂದ ಪ್ರಮಾಣ ಮಾಡಿಸದೆಯೇ ಸಾಕ್ಷ್ಯ ಪಡೆಯಬಹುದು ಎನ್ನುತ್ತದೆ 1969ರ ಪ್ರಮಾಣವಚನ ಕಾಯ್ದೆ.

ಗಡಿಸೀಮೆಯಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ನ್ಯಾಯಾಲಯದ ಭಾಷೆ ಕನ್ನಡ. ಆದರೆ ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಆಳಂದದ ಅಂಚಿನ ಊರುಗಳಲ್ಲಿ ಮರಾಠಿ, ಪೇಟೆಯ ಓಣಿಗಳಲ್ಲಿ ದಖ್ಖನಿ ಉರ್ದು. ಕನ್ನಡದ ಪ್ರಶ್ನೆಗೆ ಮಗು ಸುಮ್ಮನೆ ನಿಂತರೆ ಅದಕ್ಕೆ ತಿಳಿವಳಿಕೆ ಇಲ್ಲ ಎಂದುಕೊಳ್ಳುವಂತಿಲ್ಲ, ಭಾಷೆ ತಿಳಿಯದಿರಬಹುದು. ಭಾಷಾಂತರಕಾರರು ಬೇಕೆಂದು ಸರ್ಕಾರಿ ಅಭಿಯೋಜಕರಿಗೆ ಮೊದಲೇ ತಿಳಿಸಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ ಪ್ರಕರಣವಾದರೆ 2012ರ ಆ ಕಾಯ್ದೆಯಲ್ಲೇ ಇದಕ್ಕೆ ಅವಕಾಶವಿದೆ. ಜೊತೆಗೆ, ಮಗು ನಂಬುವ ಒಬ್ಬರು ಕೋರ್ಟಿನಲ್ಲಿ ಹತ್ತಿರವಿರಬಹುದು, ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು, ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ಹೋಗಬೇಕು.

ಹೊಸಬರು ಎಡವುವುದು ಮುಂದಿನ ಹಂತದಲ್ಲಿ. ಅರ್ಹತೆ ಸಿಕ್ಕಿತೆಂದರೆ ಮಾತನ್ನು ನಂಬಿದರು ಎಂದಲ್ಲ. ನಂಬಬೇಕೋ ಬೇಡವೋ ಎಂಬುದು ಪಾಟಿ ಸವಾಲು ಮುಗಿದ ಮೇಲೆ, ಉಳಿದ ಸಾಕ್ಷ್ಯಗಳ ಜೊತೆ ಇಟ್ಟು ತೂಗುವ ವಿಚಾರ. ಇಂತಿಷ್ಟು ಸಾಕ್ಷಿಗಳು ಇರಲೇಬೇಕೆಂಬ ಸಾಮಾನ್ಯ ನಿಯಮ ಇಲ್ಲ. ನಂಬುವಂತಿದ್ದರೆ ಒಬ್ಬರದೂ ಸಾಕಾಗಬಹುದು. ಬದುವಿನ ಜಗಳದಲ್ಲಿ ತಮ್ಮನೇ ಸಾಕ್ಷಿಯಾಗಿದ್ದರೆ, ತಮ್ಮನೆಂಬ ಒಂದೇ ಕಾರಣಕ್ಕೆ ಅವನ ಮಾತನ್ನು ತಳ್ಳಿಹಾಕುವುದಿಲ್ಲ, ಹೆಚ್ಚು ಎಚ್ಚರದಿಂದ ನೋಡುತ್ತಾರೆ. ಮಕ್ಕಳ ವಿಷಯದಲ್ಲಿ ಆ ಎಚ್ಚರ ಮುಖ್ಯವಾಗಿ ಒಂದೇ ಪ್ರಶ್ನೆಯ ಸುತ್ತ ಇರುತ್ತದೆ: ಇದು ಮಗುವಿನ ಮಾತೋ, ಯಾರೋ ಹೇಳಿಕೊಟ್ಟದ್ದೋ?

ಆದ್ದರಿಂದ ಪೇಶಿಯ ಹಿಂದಿನ ರಾತ್ರಿ ಮಗುವಿನಿಂದ ಕಂಠಪಾಠ ಮಾಡಿಸಬೇಡಿ. ಕಂಡದ್ದನ್ನು ಹೇಳು, ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ' ಅನ್ನು, ತಿಳಿಯದಿದ್ದರೆ 'ಇನ್ನೊಮ್ಮೆ ಕೇಳ್ರಿ' ಅನ್ನು ಎಂದಷ್ಟೇ ಹೇಳಿ ಕಳಿಸಿ. ದೊಡ್ಡವರೂ ಪಾಲಿಸಬೇಕಾದದ್ದು ಇಷ್ಟೇ.